ನಗೆಕೂಟ, ಹಾಸ್ಯ ಸಂಜೆ, ಮೊಬೈಲು, ಪುಸ್ತಕ, ಹರಟೆ: ಆರೋಗ್ಯಕ್ಕೆ ಯಾವ ನಗು ಆರಿಸಿಕೊಳ್ಳೋದು?

ಬಿಪಿ ನೋಡಿ, ಮಾತ್ರೆ ಬರೆದು, ಕೊನೆಗೆ "ಟೆನ್ಷನ್ ಮಾಡ್ಕೋಬೇಡಿ, ಸ್ವಲ್ಪ ನಗ್ತಾ ಇರಿ" ಅಂತ ಹೇಳಿ ಕಳಿಸುವ ಡಾಕ್ಟರು ಎಲ್ಲ ಊರಲ್ಲೂ ಇದ್ದಾರೆ. ಮಾತ್ರೆಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಲೆಕ್ಕ ಇರುತ್ತದೆ. ನಗುವಿಗೆ ಅಂಥ ಚೀಟಿ ಇಲ್ಲ. ಎಲ್ಲಿ ನಗಬೇಕು, ಎಷ್ಟು ಹೊತ್ತು, ಯಾರ ಜೊತೆ ಅನ್ನೋದು ನಮಗೇ ಬಿಟ್ಟಿದ್ದು.

ಹಾಗಾಗಿ ಜನ ಗೊಂದಲಕ್ಕೆ ಬೀಳುತ್ತಾರೆ. ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಪಾರ್ಕಿನ ನಗೆಕೂಟ ಸೇರುವ ಆಸೆ, ಆದರೆ ಹಳೇ ವಿದ್ಯಾರ್ಥಿಗಳು ನೋಡಿಬಿಟ್ಟರೆ ಅನ್ನುವ ನಾಚಿಕೆ. ಮನೆಯಿಂದಲೇ ಕೆಲಸ ಮಾಡುವ ಹುಡುಗಿಗೆ ರಾತ್ರಿ ಮಲಗುವಾಗ ನೋಡುವ ರೀಲ್ಸೇ ಸಾಕಲ್ವಾ ಅನ್ನುವ ಅನುಮಾನ. ಮೊಣಕಾಲು ನೋವಿನ ಅಮ್ಮನನ್ನು ಹಾಸ್ಯ ಸಂಜೆಗೆ ಕರೆದುಕೊಂಡು ಹೋಗಬೇಕೋ, ಮನೆಯಲ್ಲೇ ಟಿವಿ ಹಾಕಿಕೊಡಬೇಕೋ ಅಂತ ಮಗನ ಲೆಕ್ಕಾಚಾರ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಮೂವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಒಂದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೋಕು ಎಷ್ಟು ಚೆನ್ನಾಗಿದೆ ಅನ್ನೋದು ಇಲ್ಲಿ ಅಷ್ಟು ಮುಖ್ಯವಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಮುಂದಿನ ವಾರವೂ ಇರುತ್ತಾರಾ ಅನ್ನೋದು ಮುಖ್ಯ.

ನಗುವಿಂದ ಏನಾಗುತ್ತೆ, ಏನಾಗಲ್ಲ

ಜೋರಾಗಿ ನಗುವಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಪದೇ ಪದೇ ಕುಗ್ಗುತ್ತದೆ. ಉಸಿರು ತುಂಡು ತುಂಡಾಗಿ ಹೊರಗೆ ಬರುತ್ತದೆ. ಎದೆಬಡಿತ ಏರುತ್ತದೆ. ನಗು ನಿಂತ ಮೇಲೆ ಅದು ಇಳಿದು, ಮೈ ಸಡಿಲ ಬಿಡುತ್ತದೆ. "ನಕ್ಕು ನಕ್ಕು ಸುಸ್ತಾಯ್ತು" ಅನ್ನೋದು ಸುಮ್ನೆ ಮಾತಲ್ಲ.

2011ರಲ್ಲಿ ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ನಕ್ಕವರು ಆಮೇಲೆ ನೋವನ್ನು ಹೆಚ್ಚು ಹೊತ್ತು ತಡೆದುಕೊಂಡರು. ಪರೀಕ್ಷೆ ಸರಳ: ತೋಳಿಗೆ ಮಂಜಿನಷ್ಟು ತಣ್ಣನೆಯ ಪಟ್ಟಿ ಸುತ್ತುವುದು, ಇಲ್ಲವೇ ಬಿಪಿ ನೋಡುವ ಪಟ್ಟಿಯನ್ನು ಬಿಗಿ ಮಾಡುತ್ತಾ ಹೋಗುವುದು, ಎಷ್ಟು ಹೊತ್ತು ತಡೀತೀರಿ ಅಂತ ನೋಡುವುದು. ಮೈ ಕುಲುಕಿಸುವ ನಗುವಿಂದ ಮೆದುಳಿನಲ್ಲಿ ಎಂಡಾರ್ಫಿನ್ ಅನ್ನುವ, ನೋವು ತಗ್ಗಿಸುವ ರಾಸಾಯನಿಕ ಬಿಡುಗಡೆಯಾಗುತ್ತದೆ ಅನ್ನುವುದು ಅವರ ವಿವರಣೆ. 2017ರಲ್ಲಿ ಫಿನ್ಲೆಂಡಿನ ತುರ್ಕು ನಗರದ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗಲೂ, ಗೆಳೆಯರ ಜೊತೆ ನಕ್ಕಮೇಲೆ ಮೆದುಳಿನ ಈ ವ್ಯವಸ್ಥೆ ಚುರುಕಾಗಿದ್ದು ಕಂಡಿತು.

ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಬಗ್ಗೆಯೂ ಲೆಕ್ಕ ಇದೆ. 2023ರಲ್ಲಿ 8 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಕ್ಕವರಲ್ಲಿ ಅದು ನಗದವರಿಗಿಂತ ಸುಮಾರು ಶೇ. 32ರಷ್ಟು ಹೆಚ್ಚು ಇಳಿದಿತ್ತು. ಖುಷಿಯ ಅಂಕಿ. ಆದರೆ ಎಲ್ಲ ಸೇರಿಸಿದರೂ ಅದರಲ್ಲಿದ್ದವರು 315 ಜನ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಮೈಕೆಲ್ ಮಿಲ್ಲರ್ 2005ರಲ್ಲಿ, ನಗಿಸುವ ಸಿನಿಮಾ ನೋಡಿದಾಗ ರಕ್ತನಾಳ ಹಿಗ್ಗುತ್ತದೆ, ಆತಂಕದ ಸಿನಿಮಾ ನೋಡಿದಾಗ ಕುಗ್ಗುತ್ತದೆ ಅಂತ ತೋರಿಸಿದರು. ಅಲ್ಲಿದ್ದವರು 20 ಜನ, ಎಲ್ಲರೂ ಆರೋಗ್ಯವಂತರು. ಇಷ್ಟನ್ನೇ ಹಿಡಿದುಕೊಂಡು "ನಕ್ಕರೆ ಹಾರ್ಟ್ ಅಟ್ಯಾಕ್ ಆಗಲ್ಲ" ಅಂತ ವಾಟ್ಸಾಪಿನಲ್ಲಿ ತಿರುಗಾಡುತ್ತದಲ್ಲ, ಅದನ್ನು ನಂಬಬೇಡಿ.

ತೂಕ ಇಳಿಯುತ್ತಾ? 2007ರ ಒಂದು ಅಧ್ಯಯನದ ಪ್ರಕಾರ ದಿನಕ್ಕೆ 15 ನಿಮಿಷ ನಿಜವಾಗಿ ನಕ್ಕರೆ ಕರಗುವುದು 10ರಿಂದ 40 ಕ್ಯಾಲೊರಿ. ಒಂದು ಇಡ್ಲಿ ಕರಗಿದರೆ ನಿಮ್ಮ ಪುಣ್ಯ. ಚಟ್ನಿ ಹಾಗೇ ಉಳಿಯುತ್ತದೆ.

ನಗುವೇ ಔಷಧ ಅನ್ನುವ ಮಾತು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ದೊಡ್ಡ ಹೆಸರು. 1964ರಲ್ಲಿ ಕೀಲು, ಬೆನ್ನು ಹಿಡಿದುಕೊಳ್ಳುವ ರೋಗ ಬಂದಾಗ ಆಸ್ಪತ್ರೆ ಬಿಟ್ಟು ಹೋಟೆಲ್ ರೂಮು ಸೇರಿದರು. ಹಾಸ್ಯದ ಚಿತ್ರಗಳನ್ನು ಹಾಕಿಸಿಕೊಂಡು ನೋಡಿದರು. ಹತ್ತು ನಿಮಿಷ ಹೊಟ್ಟೆ ತುಂಬಾ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಅಂತ ಬರೆದರು, ಗುಣವೂ ಆದರು. ಕಥೆ ಹೇಳುವವರು ಒಂದನ್ನು ಬಿಟ್ಟುಬಿಡುತ್ತಾರೆ. ಅದೇ ಹೊತ್ತಿನಲ್ಲಿ ಅವರು ಭಾರೀ ಪ್ರಮಾಣದಲ್ಲಿ ವಿಟಮಿನ್ ಸಿ ಕೂಡ ತೆಗೆದುಕೊಳ್ಳುತ್ತಿದ್ದರು. ಒಬ್ಬರ ಅನುಭವ ಅದು, ಅದರಲ್ಲೂ ಎರಡು ಕಲಸಿಹೋಗಿವೆ.

ಹಾಗಾದರೆ ನಗುವಿಂದ ಕೇಳಬಹುದಾದದ್ದು ಏನು? ಒತ್ತಡ ಸ್ವಲ್ಪ ಇಳಿಯುವುದು, ನೋವು ಸ್ವಲ್ಪ ಹೊತ್ತು ಹಿಂದೆ ಸರಿಯುವುದು, ಮನಸ್ಸು ಹಗುರಾಗುವುದು, ಒಂಟಿತನ ಕಮ್ಮಿಯಾಗುವುದು. ಮಾತ್ರೆ ಬಿಡುವ ಮಾತೇ ಇಲ್ಲ.

ಅಳತೆಗೋಲು

ಆರಿಸಿಕೊಳ್ಳುವ ಮೊದಲು ನಾನು ನೋಡುವುದು ಇವಿಷ್ಟು. ಮೊದಲನೆಯದು, ಆ ನಗು ಹೊಟ್ಟೆವರೆಗೆ ಇಳಿಯುತ್ತದಾ, ತುಟಿಯಲ್ಲೇ ನಿಲ್ಲುತ್ತದಾ. ಡನ್‌ಬಾರ್ ಅಧ್ಯಯನದಲ್ಲಿ ಕೆಲಸ ಮಾಡಿದ್ದು ಮೈ ಕುಲುಕುವ ನಗು, ಮರ್ಯಾದೆಗೆ ನಗುವ ನಗುವಲ್ಲ.

ಎರಡನೆಯದು ಜೊತೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಅಂಗಡಿ, ಕಾಲೇಜು, ಬೀದಿಗಳಲ್ಲಿ ಜನ ನಗುವುದನ್ನು ಕೇಳಿಸಿಕೊಂಡು ಲೆಕ್ಕ ಹಾಕಿದವರು. ಅವರಿಗೆ ಕಂಡಿದ್ದು ಎರಡು. ಒಬ್ಬರೇ ಇರುವಾಗಿಗಿಂತ ಜೊತೆಯಲ್ಲಿದ್ದಾಗ ಜನ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ. ಮತ್ತೆ, ನಗುವಿನ ಹಿಂದಿನ ಮಾತುಗಳಲ್ಲಿ ಜೋಕು ಅನ್ನಿಸುವಂಥದ್ದು ಶೇ. 20ನ್ನೂ ಮೀರಲಿಲ್ಲ. ಉಳಿದದ್ದೆಲ್ಲ "ಸರಿ, ಆಮೇಲೆ ಸಿಗ್ತೀನಿ" ಅನ್ನುವಂಥ ಸಾದಾ ಮಾತು. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರು ಬಿದ್ದು ಬಿದ್ದು ನಗುವಾಗ ಕಿವಿಗೊಟ್ಟು ಕೇಳಿ. ನಗುವಂಥದ್ದು ಏನೂ ಇರುವುದಿಲ್ಲ.

ಮೂರನೆಯದು, ವಾರಕ್ಕೆ ಎಷ್ಟು ಸಲ ಆಗುತ್ತದೆ. ವರ್ಷಕ್ಕೊಮ್ಮೆ ಬರುವ ಮಹಾ ನಗುವಿಗಿಂತ ದಿನ ಬಿಟ್ಟು ದಿನ ಸಿಗುವ ಸಣ್ಣ ನಗು ವಾಸಿ. ನಾಲ್ಕನೆಯದು ಖರ್ಚು: ದುಡ್ಡಷ್ಟೇ ಅಲ್ಲ, ಬಸ್ಸು, ಟ್ರಾಫಿಕ್ಕು, ಮನೆಕೆಲಸ ಬಿಟ್ಟು ಹೊರಡುವ ತಾಪತ್ರಯ ಎಲ್ಲ ಸೇರಿ.

ಐದನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಗುವುದು ಯಾರ ಮೇಲೆ? ಕೆನಡಾದ ರಾಡ್ ಮಾರ್ಟಿನ್ ತಂಡ 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆ ಮಾಡಿತು. ಎಲ್ಲರನ್ನೂ ಸೇರಿಸಿಕೊಂಡು ನಗುವುದು, ಕಷ್ಟದಲ್ಲೂ ತಮಾಷೆ ಕಂಡು ತಾನೇ ಹಗುರಾಗುವುದು, ಇನ್ನೊಬ್ಬರನ್ನು ಚುಚ್ಚಿ ನಗುವುದು, ತನ್ನನ್ನೇ ತುಳಿದುಕೊಂಡು ಬೇರೆಯವರನ್ನು ನಗಿಸುವುದು. ಮೊದಲೆರಡು ಇರುವವರ ಮನಸ್ಸು ನೆಮ್ಮದಿಯಾಗಿರುವುದು ಜಾಸ್ತಿ. ನಾಲ್ಕನೆಯದರ ಜೊತೆ ಖಿನ್ನತೆ, ಆತಂಕ ಕಾಣಿಸಿಕೊಳ್ಳುವುದು ಜಾಸ್ತಿ. ಗುಂಪಿನಲ್ಲಿ ಸದಾ ತನ್ನ ಬಣ್ಣವನ್ನೋ, ದಪ್ಪವನ್ನೋ, ಫೇಲಾದದ್ದನ್ನೋ ಹೇಳಿಕೊಂಡು ನಗಿಸುವ ಒಬ್ಬ ಇದ್ದೇ ಇರುತ್ತಾನಲ್ಲ, ಅವನು ಮನೆಗೆ ಹೋಗುವಾಗ ಹೇಗಿರುತ್ತಾನೆ ಅಂತ ಒಂದು ಸಲ ಯೋಚಿಸಿ.

ಪಾರ್ಕಿನ ನಗೆಕೂಟ

ಇದರ ಹುಟ್ಟು ಮುಂಬೈನಲ್ಲಿ. 1995ರ ಮಾರ್ಚ್ 13ರಂದು ಡಾ. ಮದನ್ ಕಟಾರಿಯಾ ಲೋಖಂಡ್‌ವಾಲಾದ ಪಾರ್ಕೊಂದರಲ್ಲಿ ಇನ್ನೂ ನಾಲ್ವರನ್ನು ಸೇರಿಸಿಕೊಂಡು ಶುರು ಮಾಡಿದರು. ಮೊದಲು ದಿನಾ ಜೋಕು ಹೇಳಿ ನಗುತ್ತಿದ್ದರು. ಎರಡು ವಾರದಲ್ಲಿ ಜೋಕು ಖಾಲಿ. ಉಳಿದದ್ದು ಹೆಂಗಸರ ಮೇಲಿನ ಜೋಕು, ಪೋಲಿ ಜೋಕು. ಜನ ಮುಖ ಸಿಂಡರಿಸಿದರು. ಆಗ ಕಟಾರಿಯಾ ಜೋಕನ್ನೇ ಕೈಬಿಟ್ಟು, ಸುಮ್ನೆ ನಗುವ ವ್ಯಾಯಾಮ ಮಾಡಿಸಿದರು. ಈಗ ಮೇ ತಿಂಗಳ ಮೊದಲ ಭಾನುವಾರ ವಿಶ್ವ ನಗು ದಿನ.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೆ ಬಹಳ ಜನ ಹಿಂಜರಿಯುತ್ತಾರೆ. ಲಾಲ್‌ಬಾಗಿನಂಥ ಕಡೆ ಬೆಳಿಗ್ಗೆ ಹೋದರೆ ಕಣ್ಣಾರೆ ನೋಡಬಹುದು. ಸ್ವೆಟರು, ಮಂಕಿ ಕ್ಯಾಪು, ಚೂಡಿದಾರಕ್ಕೆ ಸ್ಪೋರ್ಟ್ಸ್ ಶೂ ಹಾಕಿದವರೆಲ್ಲ ವೃತ್ತಾಕಾರದಲ್ಲಿ ನಿಂತಿರುತ್ತಾರೆ. ಚಪ್ಪಾಳೆ ತಟ್ಟುತ್ತಾ "ಹೋ ಹೋ, ಹಾ ಹಾ ಹಾ". ನಡುನಡುವೆ ದೀರ್ಘವಾಗಿ ಉಸಿರೆಳೆದು ಬಿಡುವುದು. ಆಮೇಲೆ ಸಿಂಹನಗು: ನಾಲಿಗೆ ಪೂರ್ತಿ ಹೊರಗೆ ಚಾಚಿ, ಕಣ್ಣು ಅಗಲಿಸಿ, ಎರಡೂ ಕೈ ಪಂಜದಂತೆ ಮಾಡಿ ಹೊಟ್ಟೆಯಿಂದ ಗರ್ಜಿಸಿ ನಗುವುದು. ಮೊಬೈಲ್ ನಗು: ಖಾಲಿ ಕೈ ಕಿವಿಗಿಟ್ಟುಕೊಂಡು, ಆಚೆ ಕಡೆಯವರು ಏನೋ ಹೇಳಿದ ಹಾಗೆ ಓಡಾಡುತ್ತಾ ನಗುವುದು. ಲಸ್ಸಿ ನಗು: ಇಲ್ಲದ ಲೋಟದಿಂದ ಇಲ್ಲದ ಲೋಟಕ್ಕೆ ಲಸ್ಸಿ ಸುರಿದು, ಗಟಗಟ ಕುಡಿದು, ತಲೆಯೆತ್ತಿ ನಗುವುದು. ಎದುರಿನ ಬ್ಯಾಂಕ್ ಮ್ಯಾನೇಜರು ಗಂಭೀರವಾಗಿ ಇಲ್ಲದ ಲಸ್ಸಿ ಕುಡಿಯುವುದನ್ನು ನೋಡಿದಾಗ ನಿಮಗೆ ಸುಳ್ಳು ನಗು ಸಾಕಾಗುವುದಿಲ್ಲ, ನಿಜವಾದದ್ದೇ ಬರುತ್ತದೆ. ಗುಟ್ಟು ಇರುವುದು ಇಲ್ಲೇ.

ಬಲವಂತದ ನಗುವಿಂದ ಲಾಭ ಇದೆಯಾ ಅಂತ ಕೇಳುವವರಿಗೆ ಒಂದು ತಾಜಾ ಉದಾಹರಣೆ. ಕಣ್ಣು ಒಣಗುವ ತೊಂದರೆ ಇದ್ದವರ ಮೇಲೆ ಚೀನಾದಲ್ಲಿ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕಣ್ಣಿನ ಡ್ರಾಪ್ಸ್, ಇನ್ನೊಂದಕ್ಕೆ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ಹೀ ಹೀ, ಹಾ ಹಾ ಅನ್ನುವ ನಗುವಿನ ವ್ಯಾಯಾಮ. ಎಂಟು ವಾರದ ಮೇಲೆ ನೋಡಿದರೆ ನಗುವಿನ ಗುಂಪು ಡ್ರಾಪ್ಸ್ ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ಜೋಕು ಇರಲಿಲ್ಲ, ಹಾಸ್ಯದ ವಿಡಿಯೋ ಇರಲಿಲ್ಲ. ಹಾಗಂತ ನಿಮ್ಮ ಡ್ರಾಪ್ಸ್ ಬಾಟಲಿ ಎಸೆಯಬೇಡಿ, ಡಾಕ್ಟರನ್ನು ಕೇಳಿ.

ಅಳತೆಗೋಲಿಗೆ ಹಚ್ಚಿದರೆ ನಗೆಕೂಟಕ್ಕೆ ಒಳ್ಳೇ ಅಂಕ. ಹೊಟ್ಟೆಯಿಂದ ನಗಿಸುತ್ತದೆ, ಜೊತೆ ಇದೆ, ದಿನಾ ಇದೆ, ಯಾರನ್ನೂ ಚುಚ್ಚಿ ನಗಬೇಕಿಲ್ಲ. ಖರ್ಚು ಬಹಳ ಕಡೆ ಸೊನ್ನೆ. ಕೊರತೆ ಏನು? ಬೆಳಗಿನ ಹೊತ್ತು. ಸ್ಕೂಲ್ ಡಬ್ಬಿ ಕಟ್ಟುವ ಮನೆಯಲ್ಲಿ ಆರೂವರೆಗೆ ಪಾರ್ಕಿಗೆ ಹೋಗುವುದು ಕನಸು. ನಡುವಯಸ್ಸಿನವರು ಸಿಗುವುದು ಕಮ್ಮಿ. ಮೊದಲ ಕೆಲವು ದಿನ ಪೆದ್ದುಪೆದ್ದಾಗಿ ಕಾಣುತ್ತೇವೆ ಅನ್ನಿಸುತ್ತದೆ, ಅದು ಎಲ್ಲರಿಗೂ ಅನ್ನಿಸುತ್ತದೆ. ಎರಡು ವಾರ ಹೋಗಿ ನೋಡಿ, ಆಮೇಲೂ ಮುಜುಗರವಿದ್ದರೆ ಬಿಡಿ. ಮೇಷ್ಟ್ರಿಗೆ ನಾನು ಹೇಳುವುದೂ ಇದನ್ನೇ. ಬೇಕಿದ್ದರೆ ಮನೆಯಿಂದ ಸ್ವಲ್ಪ ದೂರದ ಪಾರ್ಕು ಆರಿಸಿಕೊಳ್ಳಲಿ.

ಇನ್ನೊಂದು ಎಚ್ಚರ, ಅಕ್ಕಪಕ್ಕದವರದ್ದು. ಬೆಳಬೆಳಿಗ್ಗೆ ಐವತ್ತು ಜನ ಗಹಗಹಿಸಿದರೆ ನಿದ್ದೆಯಲ್ಲಿರುವವರಿಗೆ ಅದು ಆರೋಗ್ಯವಲ್ಲ. ಮುಂಬೈನಲ್ಲಿ ಇಂಥದ್ದೊಂದು ತಕರಾರು ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಕೂಟ ಸೇರುವ ಮೊದಲು ನಡೆಸುವವರನ್ನು ಗಮನಿಸಿ. ಹೊಸಬರನ್ನು "ಆಪರೇಷನ್ ಏನಾದ್ರೂ ಆಗಿದೆಯಾ" ಅಂತ ಕೇಳುತ್ತಾರಾ? ನಡುವೆ ಉಸಿರಾಟಕ್ಕೆ ಬಿಡುವು ಕೊಡುತ್ತಾರಾ? ನಗು ಮುಗಿದ ಕೂಡಲೇ ಪುಡಿ, ಮಾತ್ರೆ, ಮ್ಯಾಗ್ನೆಟ್ ಹಾಸಿಗೆ ಮಾರುವ ಮಾತು ಬಂದರೆ ಬೇರೆ ಪಾರ್ಕು ನೋಡಿ.

ಹಾಸ್ಯ ಸಂಜೆ, ನಾಟಕ, ಸ್ಟ್ಯಾಂಡಪ್

ಗಣೇಶನ ಪೆಂಡಾಲು, ರಾಜ್ಯೋತ್ಸವ, ಊರ ಜಾತ್ರೆ ಎಲ್ಲಿ ನೋಡಿದರೂ ಹಾಸ್ಯ ಸಂಜೆ ಇದೆ. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ಸುಧಾ ಬರಗೂರು ಬರುತ್ತಾರೆ ಅಂದರೆ ಪ್ಲಾಸ್ಟಿಕ್ ಕುರ್ಚಿಗಳು ಸಾಲುವುದಿಲ್ಲ. ಸಾವಿರ ಜನರ ನಡುವೆ ಕೂತು ನಗುವುದರ ಸುಖವೇ ಬೇರೆ. ಒಂದು ಮೂಲೆಯಲ್ಲಿ ಶುರುವಾದ ನಗು ಈ ಮೂಲೆಗೆ ಬರುವಷ್ಟರಲ್ಲಿ ನಿಮಗೆ ಮಾತು ಅರ್ಥವಾಗದಿದ್ದರೂ ನಗು ಬಂದಿರುತ್ತದೆ. ಟಿಕೆಟ್ ಇರುವುದಿಲ್ಲ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಅನುಕೂಲ, ಯಕ್ಷಗಾನದ ಹರಕೆ ಬಯಲಾಟ. ಮಳೆಗಾಲ ಕಳೆದು ಮೇಳಗಳು ಹೊರಟರೆ ಮುಂದಿನ ಮಳೆಗಾಲದವರೆಗೆ ಆಟ ಇರುತ್ತದೆ, ಹಾಸ್ಯಗಾರ ರಂಗಕ್ಕೆ ಬಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ.

ಬೆಂಗಳೂರಿನ ಕನ್ನಡ ಸ್ಟ್ಯಾಂಡಪ್ಪಿಗೆ ಕೆಲವು ನೂರು ರೂಪಾಯಿಯ ಟಿಕೆಟ್ಟು. ಹೊಸಬರು ಪ್ರಯತ್ನ ಮಾಡುವ ಓಪನ್ ಮೈಕ್ ಅಗ್ಗ. ಆದರೆ ಅಲ್ಲಿ ನಗುವಿಗಿಂತ ಮೌನ ಜಾಸ್ತಿ ಸಿಗುವ ದಿನಗಳೂ ಉಂಟು. ಮುಂದಿನ ಸಾಲಿನಲ್ಲಿ ಕೂತರೆ ನಿಮ್ಮ ಕಾಲೆಳೆಯುತ್ತಾರೆ, ಸಂಕೋಚದವರು ಹಿಂದೆ ಕೂರಿ.

ಇವೆಲ್ಲಕ್ಕೂ ಇರುವ ಒಂದೇ ದೊಡ್ಡ ಕೊರತೆ, ಯಾವಾಗಲೋ ಒಮ್ಮೆ ಬರುತ್ತವೆ. ಜೊತೆಯವರು ಸಾವಿರ ಜನ, ಆದರೆ ಪರಿಚಯದವರು ಇಬ್ಬರು. ನಾಳೆ ಬೆಳಿಗ್ಗೆ ನೀವು ಬರಲಿಲ್ಲ ಅಂತ ಯಾರೂ ಫೋನ್ ಮಾಡುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇನ್ನೊಂದು ಗಮನಿಸಿ. ಕಿವಿ ಮಂದವಾಗಿದ್ದರೆ ಹಾಸ್ಯ ಸಂಜೆ ಹಿಂಸೆಯಾಗುತ್ತದೆ. ಸ್ಪೀಕರಿನ ಗದ್ದಲದಲ್ಲಿ ಪಂಚ್ ಕೇಳಿಸುವುದಿಲ್ಲ. ಎಲ್ಲರೂ ನಕ್ಕ ಮೇಲೆ ಪಕ್ಕದವರನ್ನು ನೋಡಿ ತಡವಾಗಿ ನಗುತ್ತಾರೆ, ಮೂರನೇ ಸಲ ಸುಮ್ಮನಾಗುತ್ತಾರೆ. ಮೊಣಕಾಲು ನೋವಿನ ಅಮ್ಮನಿಗೆ ಕಿವಿ ಚುರುಕಾಗಿದ್ದರೆ ಬದಿಯ ಕುರ್ಚಿ ಹಿಡಿದು ಕೂರಿಸಿ. ಇಲ್ಲದಿದ್ದರೆ ಮನೆಯೇ ವಾಸಿ.

ಮೊಬೈಲು, ಟಿವಿ

ಇಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಮೇಲೆ ಹೇಳಿದ ಮಿಲ್ಲರ್ ಅಧ್ಯಯನದಲ್ಲಿ ಜನ ನೋಡಿದ್ದು ಸಿನಿಮಾ. ಕಾರ್ಟಿಸಾಲ್ ಲೆಕ್ಕದಲ್ಲಿ ಸೇರಿದ ಅಧ್ಯಯನಗಳಲ್ಲೂ ಹಾಸ್ಯದ ವಿಡಿಯೋ ತೋರಿಸಿದ್ದೇ ಹೆಚ್ಚು. ಹಾಗಾಗಿ ಪರದೆಯ ನಗು ನಗುವೇ ಅಲ್ಲ ಅನ್ನುವುದು ತಪ್ಪು. ಆದರೆ ಅವರು ಕೂತು, ಒಂದನ್ನೇ, ಸ್ವಲ್ಪ ಹೊತ್ತು ನೋಡಿದರು. ನಾವು ರೀಲ್ಸಿನಲ್ಲಿ ಮಾಡುವುದು ಅದಲ್ಲ. ಹದಿನೈದು ಸೆಕೆಂಡಿನ ತಮಾಷೆ, ಅದರ ಬೆನ್ನಿಗೆ ಅಪಘಾತದ ದೃಶ್ಯ, ಅದರ ಬೆನ್ನಿಗೆ ಯಾರದೋ ಜಗಳ, ಆಮೇಲೆ ನಾಯಿಮರಿ. ಮೂಗಿನಲ್ಲಿ ಹುಂ ಅನ್ನುವಷ್ಟರಲ್ಲಿ ಬೆರಳು ಮುಂದಕ್ಕೆ ಸರಿದಿರುತ್ತದೆ. ನಗು ಹೊಟ್ಟೆಗೆ ಇಳಿಯಲು ಸಮಯವೇ ಇಲ್ಲ. ಜೊತೆಗೆ ನಿದ್ದೆಯ ಒಂದು ಗಂಟೆ ಹೋಯಿತು. ಮನೆಯಿಂದ ಕೆಲಸ ಮಾಡುವ ಹುಡುಗಿಗೆ ನನ್ನ ಉತ್ತರ ಇಷ್ಟೇ: ಸಾಕಾಗಲ್ಲ.

ಬದಲಿಗೆ ಏನು ಮಾಡಬಹುದು? ಇಪ್ಪತ್ತು, ಮೂವತ್ತು ನಿಮಿಷದ ಒಂದೇ ಕಾರ್ಯಕ್ರಮ, ಹಳೇ ಹಾಸ್ಯದ ದೃಶ್ಯಗಳು, ಹಿರಣ್ಣಯ್ಯನವರ ನಾಟಕದ ವಿಡಿಯೋ ಯಾವುದಾದರೂ ಸರಿ. ಮೊಬೈಲು ಬಿಟ್ಟು ಟಿವಿಗೆ ಹಾಕಿ. ಮನೆಯವರು ಬಂದು ಕೂರುತ್ತಾರೆ. ನೋಡಿದ್ದನ್ನೇ ಮತ್ತೆ ನೋಡಿದರೂ ಪರವಾಗಿಲ್ಲ. ನರಸಿಂಹರಾಜು ಮುಂದೇನು ಮಾಡುತ್ತಾರೆ ಅಂತ ಗೊತ್ತಿದ್ದೂ ಅಜ್ಜಿ ಮೊದಲೇ ನಗಲು ಶುರು ಮಾಡುತ್ತಾರಲ್ಲ, ಅದಕ್ಕೇ ನಿಮಗೂ ನಗು ಬರುತ್ತದೆ. ಹಾಸಿಗೆ ಹಿಡಿದವರಿಗೆ, ಆಪರೇಷನ್ ಆಗಿ ಮನೆಯಲ್ಲಿರುವವರಿಗೆ, ರಾತ್ರಿ ಪಾಳಿಯವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ವಾಟ್ಸಾಪ್ ಜೋಕಿನ ಬಗ್ಗೆ ಒಂದೇ ಮಾತು. ಹೆಂಡತಿಯನ್ನು, ಬೇರೆ ಜಾತಿಯವರನ್ನು, ಬೇರೆ ಊರಿನವರನ್ನು ಲೇವಡಿ ಮಾಡುವ ಜೋಕಿಗೆ ಐದನೇ ಅಳತೆಯಲ್ಲಿ ಸೊನ್ನೆ. ಅಡುಗೆಮನೆಯಿಂದ ಯಾರೋ ಕೇಳಿಸಿಕೊಂಡು ಸುಮ್ಮನಾಗುವ ನಗುವಿಂದ ಯಾರ ಬಿಪಿಯೂ ಇಳಿಯುವುದಿಲ್ಲ.

ಓದಿನ ನಗು

ಹೊಟ್ಟೆಯಿಂದ ನಗಿಸುವುದರಲ್ಲಿ ಪುಸ್ತಕ ಹಿಂದೆ. ಒಬ್ಬರೇ ಓದುವಾಗ ಮುಗುಳ್ನಗೆ, ತೀರಾ ಜಾಸ್ತಿಯಾದರೆ ಒಂದು ಕಿಸಕ್. ಆದರೆ ಮಾರ್ಟಿನ್ ಹೇಳಿದ ಎರಡನೇ ಬಗೆ, ಅಂದರೆ ಕಷ್ಟದಲ್ಲಿ ತಮಾಷೆ ಕಾಣುವ ಕಣ್ಣು, ಬೆಳೆಯುವುದು ಓದಿನಿಂದ ಜಾಸ್ತಿ ಅನ್ನುವುದು ನನ್ನ ನಂಬಿಕೆ. ಜೋಕು ಕೇಳಿದವರು ಮರೆಯುತ್ತಾರೆ. ಬೀಚಿಯವರ ತಿಂಮನನ್ನು ಓದಿದವರು ಸರ್ಕಾರಿ ಕಚೇರಿಯ ಕ್ಯೂನಲ್ಲಿ ನಿಂತಾಗ ತಿಂಮ ಇಲ್ಲಿ ಏನನ್ನುತ್ತಿದ್ದ ಅಂತ ಯೋಚಿಸಿ ಒಳಗೊಳಗೇ ನಗುತ್ತಾರೆ. ಕ್ಯೂ ಅಷ್ಟೇ ಉದ್ದ ಇರುತ್ತದೆ, ಕಾಯುವುದು ಕಮ್ಮಿ ಹಿಂಸೆ.

ಕನ್ನಡದ ಹಾಸ್ಯಕ್ಕೂ ವೈದ್ಯರಿಗೂ ಹಳೇ ನೆಂಟಸ್ತಿಕೆ ಇದೆ. 1942ರಲ್ಲಿ ಕೊರವಂಜಿ ಅನ್ನುವ ಹಾಸ್ಯ ಪತ್ರಿಕೆ ಶುರು ಮಾಡಿದವರು ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ರಾಶಿ ಅನ್ನುವ ಕಾವ್ಯನಾಮದಿಂದ ಎಲ್ಲರಿಗೂ ಗೊತ್ತಿದ್ದವರು. ಆರ್. ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಕಾಲು ಶತಮಾನ ನಡೆಯಿತು. ಅದರ ಪರಂಪರೆಯಲ್ಲಿ ಅಪರಂಜಿ ಅನ್ನುವ ಹಾಸ್ಯ ಪತ್ರಿಕೆ ಬಂತು.

ಖರ್ಚು? ಊರಿನ ಲೈಬ್ರರಿಯಲ್ಲಿ ಬಹುತೇಕ ಉಚಿತ. ಕಿವಿ ಮಂದವಾದವರಿಗೆ, ಗುಂಪು ಆಗದವರಿಗೆ ಇದೇ ಸರಿ. ಗಟ್ಟಿಯಾಗಿ ಓದಿ ಹೇಳುವವರೊಬ್ಬರು ಮನೆಯಲ್ಲಿದ್ದರೆ ಪುಸ್ತಕಕ್ಕೂ ಜೊತೆಯ ಅಂಕ ಸಿಗುತ್ತದೆ. ಊಟ ಆದಮೇಲೆ ಎರಡು ಪುಟ, ಅಷ್ಟೇ.

ಹರಟೆ

ನನ್ನ ಪ್ರಕಾರ ಮೊದಲ ಸ್ಥಾನ ಇದಕ್ಕೆ. ಪ್ರೊವೈನ್ ಕಂಡಿದ್ದು ಇದನ್ನೇ ಅಲ್ವಾ, ಜನ ನಗುವುದು ಜೋಕಿಗಲ್ಲ, ಜನಕ್ಕೆ. ಅರಳಿಕಟ್ಟೆ, ಸಲೂನು, ಬಸ್‌ಸ್ಟ್ಯಾಂಡಿನ ಟೀ ಅಂಗಡಿ, ದರ್ಶಿನಿಯ ಎತ್ತರದ ಟೇಬಲ್ಲು. ಬೈಟು ಕಾಫಿಯ ದುಡ್ಡಿನಲ್ಲಿ ಮುಕ್ಕಾಲು ಗಂಟೆ. ಹಳೇ ಕಥೆ ನೂರನೇ ಸಲ ಹೇಳಿದರೂ, ಹೇಳುವವನು ಈ ಸಲ ಎಲ್ಲಿ ಉಪ್ಪುಖಾರ ಸೇರಿಸುತ್ತಾನೆ ಅಂತ ಕಾಯುವುದೇ ಮಜಾ. ಒಬ್ಬ ಎರಡು ದಿನ ಬರದಿದ್ದರೆ ಮೂರನೇ ದಿನ ಮನೆ ಬಾಗಿಲು ತಟ್ಟುತ್ತಾರೆ. ಈ ಕಾಳಜಿ ಯಾವ ಟಿಕೆಟ್ಟಿಗೂ ಸಿಗುವುದಿಲ್ಲ.

ತೊಂದರೆ ಏನೆಂದರೆ, ಇದು ತಾನಾಗಿ ಸಿಗುತ್ತಿದ್ದ ಕಾಲ ಹೋಯಿತು. ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರು ಗೊತ್ತಿಲ್ಲ. ಗೆಳೆಯರು "ಸಿಗೋಣ ಮಗಾ" ಅಂತ ವರ್ಷಗಟ್ಟಲೆ ಹೇಳುತ್ತಾರೆ, ಸಿಗುವುದಿಲ್ಲ. ದಿನ ಗೊತ್ತು ಮಾಡಿದರೆ ಮಾತ್ರ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಂಥ ಹೋಟೆಲು, ಬಂದವರು ಬಂದರು, ಬಿಟ್ಟವರು ಬಿಟ್ಟರು. ಮೂರು ಜನ ಸಾಕು. ಹೆಂಗಸರಿಗೆ ಕಟ್ಟೆಯೂ ಇಲ್ಲ, ಎಂಟು ಗಂಟೆಗೆ ಬಿಡುವೂ ಇಲ್ಲ. ಅವರ ಹರಟೆ ನಡೆಯುವುದು ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ, ಭಜನೆಯ ಮೊದಲು, ಹಪ್ಪಳ ಒತ್ತುವಾಗ. ಆ ಹೊತ್ತನ್ನು "ಟೈಮ್ ವೇಸ್ಟು" ಅಂತ ಮನೆಯ ಗಂಡಸರು ಗೊಣಗದಿದ್ದರೆ ಅದೇ ದೊಡ್ಡ ಉಪಕಾರ.

ಹರಟೆಗೂ ಐದನೇ ಅಳತೆ ಹಚ್ಚಿ. ಪ್ರತಿ ಸಲವೂ ಒಬ್ಬನೇ ಬಲಿಪಶು ಆಗುತ್ತಿದ್ದರೆ, ಅಥವಾ ಮನೆಗೆ ಬಂದ ಮೇಲೆ ನಿಮಗೇ ಕಸಿವಿಸಿ ಆಗುತ್ತಿದ್ದರೆ, ಗುಂಪು ಬದಲಿಸಿ. ಗುಂಡಿನ ಜೊತೆ ಮಾತ್ರ ನಗು ಬರುವ ಗುಂಪಿನ ಆರೋಗ್ಯದ ಲೆಕ್ಕ ನಿಮಗೇ ಗೊತ್ತು.

ಯಾರಿಗೆ ಯಾವುದು

ನಿವೃತ್ತರು, ಬೆಳಿಗ್ಗೆ ಬಿಡುವಿದ್ದವರು, ಊರಿಗೆ ಹೊಸಬರು: ನಗೆಕೂಟ ಮೊದಲು. ಮೂರು ತಿಂಗಳಲ್ಲಿ ಅದೇ ಹರಟೆಯ ಗುಂಪೂ ಆಗುತ್ತದೆ, ವಾಕಿಂಗ್ ಬೇರೆ ಸಿಗುತ್ತದೆ. ದುಡ್ಡು, ಸಮಯ ಎರಡೂ ಕಮ್ಮಿ ಇದ್ದವರಿಗೆ ವಾರಕ್ಕೊಂದು ಹರಟೆ, ಉಳಿದ ದಿನ ಮನೆಯವರ ಜೊತೆ ಅರ್ಧ ಗಂಟೆ ಟಿವಿ. ಕೈಯಲ್ಲಿ ದುಡ್ಡಿದ್ದು ಸಮಯ ಇಲ್ಲದವರು ತಿಂಗಳಿಗೊಂದು ನಾಟಕವೋ ಸ್ಟ್ಯಾಂಡಪ್ಪೋ ನೋಡಲಿ, ಆದರೆ ಟಿಕೆಟ್ ನಾಲ್ಕು ತೆಗೆಯಲಿ. ಒಬ್ಬರೇ ಹೋಗಬೇಡಿ.

ದೂರದ ದೇಶದಲ್ಲಿ ಒಂಟಿಯಾಗಿರುವವರು ಕನ್ನಡ ಕೂಟದ ಯುಗಾದಿ, ದೀಪಾವಳಿಗೆ ಕಾಯುತ್ತಾ ಕೂರಬೇಡಿ. ಹಳೇ ರೂಮ್‌ಮೇಟಿಗೆ ವಾರಕ್ಕೊಂದು ಫೋನು, ಅದೂ ಮೆಸೇಜಲ್ಲ, ದನಿ ಕೇಳುವ ಫೋನು. ನಗುವ ಇಮೋಜಿ ಕಳಿಸುವವರ ಮುಖ ಎಷ್ಟೋ ಸಲ ಕಲ್ಲಿನ ಹಾಗಿರುತ್ತದೆ, ನಮ್ಮದೂ ಸೇರಿ.

ಕೆಲವರು ಜೋರು ನಗುವಿನಿಂದ ದೂರ ಇರಬೇಕು. 2013ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯ ಸಂಶೋಧಕರು ನಗುವಿನ ಲಾಭ-ನಷ್ಟಗಳನ್ನೆಲ್ಲ ಪಟ್ಟಿ ಮಾಡಿದಾಗ, ನಗುವಿಂದ ಆಸ್ತಮಾ ಕೆರಳಿದ್ದು, ಪ್ರಜ್ಞೆ ತಪ್ಪಿದ್ದು, ದವಡೆ ಜಾರಿದ್ದು ಕೂಡ ದಾಖಲೆಯಲ್ಲಿ ಸಿಕ್ಕಿತು. ಹರ್ನಿಯಾ ಇದ್ದವರು, ಇತ್ತೀಚೆಗೆ ಹೊಟ್ಟೆಯ ಅಥವಾ ಕಣ್ಣಿನ ಆಪರೇಷನ್ ಆದವರು, ರಕ್ತ ಹೋಗುವ ಮೂಲವ್ಯಾಧಿಯವರು, ಹತೋಟಿಗೆ ಬಾರದ ಬಿಪಿಯವರು, ಮೂರ್ಛೆರೋಗದವರು, ತುಂಬು ಗರ್ಭಿಣಿಯರು ಸಿಂಹನಗುವಿನ ಮೊದಲು ಡಾಕ್ಟರನ್ನು ಕೇಳಲಿ. ನಕ್ಕಾಗ, ಕೆಮ್ಮಿದಾಗ ಮೂತ್ರ ಜಿನುಗುತ್ತದೆ ಅಂತ ನಗುವುದನ್ನೇ, ಹೊರಗೆ ಬರುವುದನ್ನೇ ಬಿಟ್ಟ ಹೆಂಗಸರು ಬಹಳ ಜನ ಇದ್ದಾರೆ, ಹೇಳಿಕೊಳ್ಳುವುದಿಲ್ಲ. ಅದಕ್ಕೆ ಸರಳ ವ್ಯಾಯಾಮ ಇದೆ, ಚಿಕಿತ್ಸೆ ಇದೆ. ಸ್ತ್ರೀರೋಗ ತಜ್ಞರನ್ನೋ ಫಿಸಿಯೋಥೆರಪಿಯವರನ್ನೋ ಕಾಣಿ.

ಮನೆಯಲ್ಲಿ ಸಾವಾಗಿದ್ದರೆ ನಗಿಸಲು ಹೋಗಬೇಡಿ. ಪಕ್ಕದಲ್ಲಿ ಕೂರಿ. ಹೋದವರ ಯಾವುದೋ ತುಂಟತನ ನೆನಪಾಗಿ ಅವರೇ ಒಂದು ದಿನ ನಗುತ್ತಾರೆ, ಆಗ ನೀವೂ ನಗಿ. ವಾರಗಟ್ಟಲೆ ಯಾವುದಕ್ಕೂ ನಗು ಬರುತ್ತಿಲ್ಲ, ಮೊದಲು ಇಷ್ಟವಾಗುತ್ತಿದ್ದದ್ದೂ ಸಪ್ಪೆ, ನಿದ್ದೆ ಊಟ ಕೆಟ್ಟಿದೆ ಅಂದರೆ ಅದಕ್ಕೆ ಹಾಸ್ಯ ಸಂಜೆ ಪರಿಹಾರವಲ್ಲ. ಅದು ಖಿನ್ನತೆ ಇರಬಹುದು. ಡಾಕ್ಟರ ಬಳಿ ಹೋಗಿ. ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.